ಹಿಂದಿನ ಸಾಲಿನ ಪುಸ್ತಕಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಓದಲು ಹೊರಟು ಅರ್ಧಕ್ಕೇ ಬಿಟ್ಟ, ಹೆಚ್ಚು ಜನರ ಕೈಗೆ ಹೋಗದ ಒಂದು ಕನ್ನಡ ಪುಸ್ತಕದ ಬಗ್ಗೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಕಾಗದಗಳಲ್ಲಿ ಮೈಸೂರು, ಮಂಡ್ಯ ಕಡೆಯವನ್ನು ಈ ಸಲ ತೆಗೆದುಕೊಂಡಿದ್ದೇವೆ. ಎಷ್ಟೋ ಜನ ಪುಸ್ತಕದ ಮೇಲೆ ಹೊರಿಸಿರುವ ತಪ್ಪು ಪುಸ್ತಕದ್ದಲ್ಲ. ಕಾದಂಬರಿಯ ಹಾಗೆ ಮೊದಲ ಪುಟದಿಂದ ಹಿಡಿದದ್ದರಿಂದ ಆದದ್ದು. ಹಾಗಾಗಿ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನೇ ಹೆಚ್ಚಾಗಿ ಬರೆದಿದ್ದೇವೆ.

ಪ್ರಶ್ನೆ: ನಮ್ಮೂರಿನ ಕಾವ್ಯ ಅಂತ ಆಸೆಪಟ್ಟು ‘ಕಂಠೀರವ ನರಸರಾಜ ವಿಜಯ’ ತಂದೆ. ಹೊಗಳಿಕೆ, ವರ್ಣನೆ, ಮತ್ತೆ ಹೊಗಳಿಕೆ. ನಾಲ್ಕನೇ ಸಂಧಿಗೆ (ಅಧ್ಯಾಯಕ್ಕೆ) ಕೈಬಿಟ್ಟೆ. ಇದನ್ನು ಓದಲೇಬೇಕಾ? (ಶ್ರೀರಂಗಪಟ್ಟಣ)

ಉತ್ತರ: ಓದಲೇಬೇಕು, ಅದರಲ್ಲೂ ನೀವು. ಗೋವಿಂದ ವೈದ್ಯ ಇದನ್ನು ಬರೆದದ್ದು 1648ರಲ್ಲಿ. ನಾಯಕ ರಣಧೀರ ಕಂಠೀರವ ಆಗ ಸಿಂಹಾಸನದ ಮೇಲೇ ಇದ್ದ. ಅವನ ಆಳ್ವಿಕೆ 1638ರಿಂದ 1659. ಎದುರಿಗೇ ಇರುವ ದೊರೆಯ ಮೇಲೆ ಕಟ್ಟಿದ ಕಾವ್ಯದಲ್ಲಿ ಹೊಗಳಿಕೆ ಇದ್ದೇ ಇರುತ್ತದೆ. 26 ಸಂಧಿಗಳನ್ನು ಸಾಲಾಗಿ ಓದಬೇಡಿ. ಮೊದಲು ನವರಾತ್ರಿಯ ಭಾಗ ಎಲ್ಲಿದೆ ಹುಡುಕಿ ಅಲ್ಲಿಗೆ ನೇರ ಹೋಗಿ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ಶುರುಮಾಡಿದ ಮಹಾನವಮಿಗೆ ಆಗಿನ್ನೂ 38 ವರ್ಷ. ರಾಜಧಾನಿ ಮೈಸೂರಿಗೆ ಹೋದದ್ದು 1799ರಲ್ಲಿ. ಅಂದರೆ ಇಲ್ಲಿರುವುದು ನಿಮ್ಮ ಬೀದಿಗಳ ದಸರಾ, ಮೈಸೂರಿನ ಅಂಬಾವಿಲಾಸ ಅರಮನೆಯದ್ದಲ್ಲ. ಅದಾದ ಮೇಲೆ ಬಿಜಾಪುರದ ರಣದುಲ್ಲಾ ಖಾನನ ಮುತ್ತಿಗೆ. ಅದು 1639ರ ಸಂಗತಿ. ಕವಿ ಬರೆಯುವ ಹೊತ್ತಿಗೆ ಒಂಬತ್ತೇ ವರ್ಷ ಹಳೆಯದು, ಕಂಡವರು ಊರಿನಲ್ಲಿ ಇನ್ನೂ ಇದ್ದರು. ಈ ಎರಡು ಭಾಗ ಹಿಡಿಸಿದರೆ ಆಮೇಲೆ ಮೊದಲ ಸಂಧಿಗೆ ಬನ್ನಿ.

ಇನ್ನೊಂದು ತೊಡಕು, ಈ ಕಾವ್ಯದ ಛಂದಸ್ಸಾದ ಸಾಂಗತ್ಯವನ್ನು ಕಣ್ಣಿನಲ್ಲಿ ಓದುವುದು. ಅದು ಹಾಡಲಿಕ್ಕೆ ಕಟ್ಟಿದ ಮಟ್ಟು. ಒಂದನೇ, ಮೂರನೇ ಸಾಲಿಗೆ ನಾಲ್ಕು ವಿಷ್ಣುಗಣ (ಗಣ ಎಂದರೆ ಅಕ್ಷರಗಳ ಗುಂಪು). ಎರಡು, ನಾಲ್ಕನೇ ಸಾಲಿಗೆ ಎರಡು ವಿಷ್ಣುಗಣ, ಕೊನೆಗೊಂದು ಬ್ರಹ್ಮಗಣ. ಹಾಡಿನಲ್ಲಿ ವಿಷ್ಣುಗಣ ಹೆಚ್ಚುಕಡಿಮೆ ಐದು ಮಾತ್ರೆಯ ಹೆಜ್ಜೆಯಾಗಿ ನಡೆದು, ಎರಡನೇ ಸಾಲಿನ ಕೊನೆಯ ಬ್ರಹ್ಮಗಣ ಮೂರು ಮಾತ್ರೆಗೆ ನಿಲ್ಲುತ್ತದೆ. ಅಭ್ಯಾಸಕ್ಕೆಂದು ನಾವೇ ಕಟ್ಟಿದ ಎರಡು ಸಾಲು ಇಲ್ಲಿದೆ, ಕಾವ್ಯದ್ದಲ್ಲ:

ಕಾವೇರಿ | ನಡುವಣಾ | ಕೋಟೆಯಾ | ಬಾಗಿಲಿಗೆ
ಹೊಳೆದಾಟಿ | ಬಂದನಾ | ದೊರೆಯು

ತೊಡೆಯ ಮೇಲೆ ತಾಳ ಹಾಕಿಕೊಂಡು ಹತ್ತು ಸಲ ಹೇಳಿ, ನಡಿಗೆ ಕೂತುಬಿಡುತ್ತದೆ. ಆಮೇಲೆ ಪುಸ್ತಕ ತೆಗೆಯಿರಿ. ಮೂಲದಲ್ಲಿ ಗಣಗಳು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಒಂದು ಮಾತ್ರೆ ಕಡಿಮೆ ಬಿದ್ದ ಕಡೆ ಸ್ವರ ಎಳೆದು ಹಾಡಿ, ಅದನ್ನು ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಶಬ್ದ ಗೊತ್ತಾಗದಿದ್ದರೆ ಅಲ್ಲೇ ನಿಲ್ಲದೆ ಪದ್ಯ ಮುಗಿಸಿ. ‘ಪ’ದಿಂದ ಶುರುವಾಗುವ ಮಾತನ್ನು ‘ಹ’ ಹಾಕಿ ನೋಡಿ: ಪೊಳೆ ಎಂದರೆ ಹೊಳೆ, ಪೊನ್ನು ಎಂದರೆ ಹೊನ್ನು. ಅರ್ಧಕ್ಕರ್ಧ ನಿಘಂಟಿನ ಕೆಲಸ ಇಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ.

ಪ್ರಶ್ನೆ: ‘ಸೂಪಶಾಸ್ತ್ರ’ ನೋಡಿಕೊಂಡು ಬದನೆಕಾಯಿ ಪಲ್ಯ ಮಾಡಿದೆ. ಒಣಮೆಣಸಿನಕಾಯಿ ಹಾಕಿದ್ದಕ್ಕೆ ಬರೀ ಖಾರ, ತುಪ್ಪ ಇಂಗಿನ ರುಚಿಯೇ ಇಲ್ಲ. ಅಳತೆಯೂ ಕೊಟ್ಟಿಲ್ಲ. ಇದು ಅಡುಗೆ ಪುಸ್ತಕವೋ ಬರೀ ಕಾವ್ಯವೋ? (ಸರಸ್ವತಿಪುರಂ, ಮೈಸೂರು)

ಉತ್ತರ: ಎರಡೂ ಹೌದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಒಡೆಯನಾಗಿದ್ದ ಮೂರನೆಯ ಮಂಗರಸ 1508ರ ಸುಮಾರಿಗೆ ವಾರ್ಧಕ ಷಟ್ಪದಿಯಲ್ಲಿ ಬರೆದ ಆರು ಅಧ್ಯಾಯಗಳ ಗ್ರಂಥ ಅದು. ಹಿಟ್ಟಿನ ತಿಂಡಿ, ಪಾನಕ, ಅನ್ನ, ಕಾಯಿಪಲ್ಲೆ ಎಲ್ಲಕ್ಕೂ ಜಾಗವಿದೆ. ನಿಮ್ಮ ಪಲ್ಯ ಕೆಟ್ಟದ್ದು ಒಂದೇ ಶಬ್ದದಿಂದ. ಆ ಕಾಲದ ‘ಮೆಣಸು’ ಕಾಳುಮೆಣಸು ಮಾತ್ರ. ಮೆಣಸಿನಕಾಯಿ ಅಮೆರಿಕದ ಗಿಡ. ಅದನ್ನು ತಂದ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಟೊಮೆಟೊ, ಆಲೂಗಡ್ಡೆಯೂ ಆಗಿನ ಅಡುಗೆಮನೆಯಲ್ಲಿ ಇರಲಿಲ್ಲ.

ಇನ್ನು ಕ್ರಮ. ಷಟ್ಪದಿಗೆ ಆದಿಪ್ರಾಸ ಬೇಕು, ಮಾತ್ರೆ ಕೂಡಬೇಕು. ಹಾಗಾಗಿ ಪದ್ಯದಲ್ಲಿ ಪದಾರ್ಥಗಳ ಹೆಸರು ಬಂದ ಕ್ರಮದಲ್ಲೇ ಬಾಣಲೆಗೆ ಹಾಕಿದರೆ ಕೆಡುತ್ತದೆ. ಮೊದಲು ಒಂದು ಹಾಳೆಯ ಮೇಲೆ ಗದ್ಯಕ್ಕೆ ಇಳಿಸಿಕೊಳ್ಳಿ. ‘ಹೆಚ್ಚಿ’, ‘ಬೇಯಿಸಿ’, ‘ಅರೆದು’, ‘ಕೂಡಿಸಿ’ ಎಂಬಂಥ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯಿರಿ. ಕೆಲಸದ ಕ್ರಮ ಇರುವುದು ಅವುಗಳಲ್ಲಿ. ಪ್ರತಿ ಕ್ರಿಯೆಯ ಪಕ್ಕ ಅದಕ್ಕೆ ಸೇರಿದ ಪದಾರ್ಥ ಬರೆದರೆ ಅಡುಗೆ ತಾನಾಗಿ ಕಾಣಿಸುತ್ತದೆ.

ಅಳತೆ ಕೊಡದಿದ್ದದ್ದು ಕೊರತೆಯಲ್ಲ, ಅಡುಗೆ ಬಲ್ಲವರಿಗೆ ಬರೆದ ಪುಸ್ತಕ ಅದು. ಅರ್ಧ ಕೆಜಿ ಬದನೆಕಾಯಿಗೆ ಈ ಅಳತೆಯಿಂದ ಶುರುಮಾಡಿ; ಇದು ನಮ್ಮದು, ಮಂಗರಸನದಲ್ಲ. ತುಪ್ಪ ಎರಡು ದೊಡ್ಡ ಚಮಚ, ಆಗತಾನೆ ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ, ಇಂಗು ಅರ್ಧ ಕಡಲೆಕಾಳಿನಷ್ಟು, ಉಪ್ಪು ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಸಣ್ಣ ಉರಿಯ ತುಪ್ಪದಲ್ಲಿ ಇಂಗು ಅರಳಿದ ತಕ್ಷಣ ಹೋಳು ಹಾಕಿ, ಮುಚ್ಚಿ ಬೇಯಿಸಿ, ಮೆಣಸನ್ನು ಇಳಿಸುವ ಎರಡು ನಿಮಿಷ ಮೊದಲು ಹಾಕಿ. ಮೊದಲೇ ಹಾಕಿ ಬೇಯಿಸಿದರೆ ಘಮ ಹಾರಿಹೋಗಿ ಖಾರ ಮಾತ್ರ ಉಳಿಯುತ್ತದೆ. ತುಪ್ಪದಲ್ಲಿ ಕರಕಾದರೆ ಕಹಿ.

ಪ್ರಶ್ನೆ: ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಳೆಯ ಸಂಪುಟಗಳಲ್ಲಿ ನಮ್ಮೂರಿನ ಶಾಸನ ಹುಡುಕಲು ಹೋದರೆ ಮಂಡ್ಯ ಜಿಲ್ಲೆಯೇ ಇಲ್ಲ. ಓದುವವರಿಗೆ ಒಂದು ಚೂರೂ ಅನುಕೂಲವಿಲ್ಲದ ಪುಸ್ತಕ. (ಮದ್ದೂರು)

ಉತ್ತರ: ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಇವನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಸಂಪುಟಗಳು ಅದಕ್ಕೂ ನಲವತ್ತು ವರ್ಷ ಹಿಂದಿನವು, ಆಗ ಇದೆಲ್ಲ ಮೈಸೂರು ಜಿಲ್ಲೆ. 1894ರ ಮೂರನೇ ಸಂಪುಟದಲ್ಲಿ ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ. 1898ರ ನಾಲ್ಕನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ನಾಗಮಂಗಲ. ನಿಮ್ಮ ತಾಲ್ಲೂಕಿನ ಆತಕೂರು ಅಲ್ಲಿ ಮಂಡ್ಯ ತಾಲ್ಲೂಕಿನ ಅಡಿ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಮಾಲೆಯಲ್ಲಿ 6 ಮತ್ತು 7ನೇ ಸಂಪುಟಗಳು ಮಂಡ್ಯ ಜಿಲ್ಲೆಯವು. ಮೊದಲು ಅವನ್ನು ಕೇಳಿ. ಊರಿನ ಹೆಸರೂ ಬದಲಾಗಿರಬಹುದು: ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿತ್ತು, ಕೃಷ್ಣರಾಜಪೇಟೆ ಅತ್ತಿಗುಪ್ಪೆ ಆಗಿತ್ತು.

ಪುಸ್ತಕ ಕೈಗೆ ಬಂದ ಮೇಲೆ ತಾಲ್ಲೂಕು, ಶಾಸನದ ಸಂಖ್ಯೆ ಗುರುತು ಹಾಕಿಕೊಳ್ಳಿ. ಮೂಲಪಾಠಕ್ಕೆ ಕೈಹಾಕುವ ಮೊದಲು ಅನುವಾದ ಓದಿ, ಆಮೇಲೆ ಮೂಲದಲ್ಲಿ ಹೆಸರುಗಳನ್ನಷ್ಟೇ ಹುಡುಕಿ. ಹೆಸರು ಸಿಕ್ಕರೆ ಅದರ ಸುತ್ತಲಿನ ವಾಕ್ಯ ಬಿಡಿಸುವುದು ಸುಲಭ. ಆವರಣದಲ್ಲಿರುವ ಅಕ್ಷರ ಕಲ್ಲಿನಲ್ಲಿ ಸವೆದು, ಸಂಪಾದಕರು ಊಹಿಸಿ ತುಂಬಿದ್ದು. ಅದರ ಮೇಲೆ ಊರಿನ ಇತಿಹಾಸ ಕಟ್ಟಬೇಡಿ. ೞ ಬಂದರೆ ಳ ಎಂದೂ ಱ ಬಂದರೆ ರ ಎಂದೂ ಓದಿಕೊಂಡರೆ ಸಾಕು.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950. ಆದರೆ ಸೌಮ್ಯ ಸಂವತ್ಸರ ಬೀಳುವುದು 949–50ರಲ್ಲಿ. ಕೆಲವು ಕಡೆ ನಡೆಯುತ್ತಿರುವ ವರ್ಷ ಎಣಿಸುತ್ತಾರೆ, ಕೆಲವು ಕಡೆ ಕಳೆದ ವರ್ಷ; ಒಂದು ವರ್ಷದ ವ್ಯತ್ಯಾಸ ಅಲ್ಲಿಂದ. ಸಂವತ್ಸರದ ಹೆಸರಿಗೇ ಹೆಚ್ಚು ಬೆಲೆ ಕೊಡಿ.

ಓದುವವರಿಗೆ ಅನುಕೂಲವಿಲ್ಲ ಅಂದಿರಿ. ಅದೇ ಆತಕೂರಿನ ಕಲ್ಲನ್ನು ಮೊದಲು ಓದಿ ನೋಡಿ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಯುದ್ಧ, ಗಂಗರ ದೊರೆ ಬೂತುಗ, ಅವನ ಮೆಚ್ಚಿನ ವೀರ ಮಣಲೆರ. ದೊರೆ ಏನು ಬೇಕು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರಾಗಿ ಕಾದಾಡುವ ಚಿತ್ರವಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಾವಿರ ವರ್ಷದ ಹಿಂದೆ ಮದ್ದೂರು ಸೀಮೆಯಲ್ಲಿ ನಾಯಿಯೊಂದಕ್ಕೆ ಸಿಕ್ಕ ಗೌರವ ಇದು. ಇಂಥದ್ದು ಆ ದಪ್ಪ ಸಂಪುಟಗಳಲ್ಲಿ ಕೂತಿದೆ, ಊರಿನ ಮಕ್ಕಳಿಗೆ ಗೊತ್ತಿಲ್ಲ ಎನ್ನುವುದು ನಮಗೆ ನಿಜವಾಗಿ ಸಂಕಟದ ವಿಷಯ.

ಪ್ರಶ್ನೆ: ಕೆಂಪುನಾರಾಯಣನ ‘ಮುದ್ರಾಮಂಜೂಷ’ ನಾಟಕವೇ? (ಮಂಡ್ಯ)

ಉತ್ತರ: ಅಲ್ಲ, ಗದ್ಯ. 1823ರದು, ಚಾಣಕ್ಯ, ಅಮಾತ್ಯ ರಾಕ್ಷಸರ ಕಥೆ. ವಾಕ್ಯಗಳು ಬಹಳ ಉದ್ದ. ಪೆನ್ಸಿಲ್ ಹಿಡಿದು ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮೊದಲು ಗುರುತು ಹಾಕಿ, ಆಮೇಲೆ ಕರ್ತೃ ಹುಡುಕಿ. ದಿನಕ್ಕೆ ಐದು ಪುಟ ಸಾಕು, ಗಟ್ಟಿಯಾಗಿ ಓದಿ.

ಪ್ರಶ್ನೆ: ತಿರುಮಲಾಂಬ ಅವರ ‘ಸುಶೀಲೆ’ ಓದಿದೆ. ಬರೀ ಉಪದೇಶ ಅನ್ನಿಸಿತು. (ನಂಜನಗೂಡು)

ಉತ್ತರ: ಉಪದೇಶ ಇದೆ, ಇಲ್ಲ ಎನ್ನುವುದಿಲ್ಲ. ಆದರೆ 1913ರಲ್ಲಿ ನಿಮ್ಮೂರಿನಲ್ಲಿ ಕೂತು, ಹೆಂಗಸರಿಗಾಗಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನೇ ನಡೆಸಿದವರ ಕಾದಂಬರಿ ಅದು. ಕಥೆಯನ್ನು ಬದಿಗಿಟ್ಟು ಮಾತುಕತೆಯ ಭಾಗಗಳನ್ನು ಇನ್ನೊಮ್ಮೆ ಓದಿ: ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾರು ಎಲ್ಲಿ ಸುಮ್ಮನಾಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಪುಸ್ತಕದ ಜೀವ ಇರುವುದು ಅಲ್ಲಿ.

ಪ್ರಶ್ನೆ: ‘ಹುಟ್ಟಿದ ಹಳ್ಳಿ, ಹಳ್ಳಿಯ ಹಾಡು’ ನೋಡಿದ ಮೇಲೆ ನಮ್ಮಜ್ಜಿ ಹಾಡುವ ಸೋಬಾನೆ ಪದಗಳನ್ನೂ ಬರೆದಿಡಬೇಕು ಅನ್ನಿಸಿದೆ. ಬರೆದರೆ ಸಪ್ಪೆಯಾಗಿ ಕಾಣುತ್ತೆ. (ಕೃಷ್ಣರಾಜಪೇಟೆ)

ಉತ್ತರ: ನಿಮ್ಮ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು 1933ರಲ್ಲಿ ಆ ಪುಸ್ತಕ ತಂದಾಗ ಕೈಯಲ್ಲಿದ್ದದ್ದು ಕಾಗದ, ಕಿವಿ. ನಿಮ್ಮ ಕೈಯಲ್ಲಿ ಫೋನಿದೆ. ಅಜ್ಜಿಯ ಬಾಯಿಂದ ಒಂದು ಮೊಳ ದೂರದಲ್ಲಿ, ಮೆತ್ತನೆಯ ಬಟ್ಟೆಯ ಮೇಲಿಟ್ಟು, ಫ್ಯಾನ್ ನಿಲ್ಲಿಸಿ ಧ್ವನಿ ಹಿಡಿಯಿರಿ. ಮೊದಲು ಪೂರ್ತಿ ಹಾಡಲಿ, ನಡುವೆ ತಡೆಯಬೇಡಿ. ತಡೆದರೆ ಅವರು ಹಾಡು ಬಿಟ್ಟು ಅರ್ಥ ಹೇಳಲು ಶುರುಮಾಡುತ್ತಾರೆ. ಎರಡನೇ ಸಲ ಹಾಡಿಸಿ, ಬದಲಾದ ಸಾಲುಗಳನ್ನು ಬೇರೆಯಾಗಿ ಬರೆಯಿರಿ. ಯಾವುದೂ ತಪ್ಪಲ್ಲ, ಎರಡೂ ಪಾಠವೇ.

ಸಪ್ಪೆಯಾಗುವುದು ಎರಡು ಕಾರಣಕ್ಕೆ. ಸೊಲ್ಲನ್ನು (ಪಲ್ಲವಿಯನ್ನು) ಒಂದೇ ಸಲ ಬರೆದು ಬಿಟ್ಟುಬಿಡುತ್ತೇವೆ. ಅದು ಎಲ್ಲೆಲ್ಲಿ ಮರಳಿ ಬರುತ್ತದೋ ಅಲ್ಲೆಲ್ಲ ಗುರುತು ಬೇಕು. ಇನ್ನೊಂದು, ‘ಬಂದವ್ನೆ’ ಅಂತ ಹಾಡಿದ್ದನ್ನು ‘ಬಂದಿದ್ದಾನೆ’ ಅಂತ ತಿದ್ದುತ್ತೇವೆ. ಅಲ್ಲಿಗೆ ಲಯ ಮುರಿಯಿತು. ನಾಲಿಗೆಯಲ್ಲಿ ಬಂದ ಹಾಗೇ ಬರೆಯಿರಿ. ಹಾಳೆಯ ತಲೆಯಲ್ಲಿ ಊರು, ತಾರೀಖು, ಹಾಡಿದವರು ಅದನ್ನು ಯಾರಿಂದ ಕಲಿತರು, ಯಾವ ಶಾಸ್ತ್ರಕ್ಕೆ ಹಾಡುವ ಪದ (ಎಣ್ಣೆ, ಅರಿಶಿನ, ಹಸೆ, ಹೆಣ್ಣು ಒಪ್ಪಿಸುವುದು) ಎಂದು ಇರಲಿ. ಈ ನಾಲ್ಕು ಮಾತಿಲ್ಲದ ಹಾಡು ಮುಂದಿನವರಿಗೆ ಅರ್ಧ ಮಾತ್ರ ಸಿಗುತ್ತದೆ.

ಪ್ರಶ್ನೆ: ಮನೆಯಲ್ಲಿ ಸಿಕ್ಕಿದ 1930ರ ದಶಕದ ಪುಸ್ತಕಗಳು ಮುಟ್ಟಿದರೆ ಪುಡಿಯಾಗುತ್ತಿವೆ, ಸಣ್ಣ ತೂತುಗಳೂ ಇವೆ. ಲ್ಯಾಮಿನೇಷನ್ ಮಾಡಿಸಲೇ? (ಕುವೆಂಪುನಗರ, ಮೈಸೂರು)

ಉತ್ತರ: ದಯವಿಟ್ಟು ಬೇಡ. ಸೆಲ್ಲೋಟೇಪೂ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರದೊಳಕ್ಕೆ ಇಳಿಯುತ್ತದೆ, ಬಿಡಿಸಲಾಗದು. ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದು, ಅದರೊಳಗೇ ಆಮ್ಲ ಇದೆ. ಬಿಸಿಲು, ಸೆಕೆ ತಾಗಿದಷ್ಟೂ ಬೇಗ ಹಳದಿಯಾಗಿ ಮುರಿಯುತ್ತದೆ.

ತೂತಿದ್ದರೆ ಮೊದಲು ಹುಳು ಕೊಲ್ಲಬೇಕು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹಿಂಡಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ನೀರು ಕೂತು ಬೂಸ್ಟು ಹಿಡಿಯುತ್ತದೆ. ಆಮೇಲೆ ಒಣ, ಮೆತ್ತನೆಯ ಬ್ರಷ್ಷಿನಲ್ಲಿ ಬೆನ್ನಿನಿಂದ ಹೊರಗಡೆಗೆ ಧೂಳು ತೆಗೆಯಿರಿ.

ಓದಬೇಕು ಅಂದರೆ ಒಂದೇ ಸಲ ಫೋಟೊ ತೆಗೆದುಕೊಂಡು ಅದನ್ನೇ ಓದಿ. ಕಿಟಕಿ ಬೆಳಕು ಸಾಕು, ಫ್ಲಾಶ್ ಬೇಡ. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ. ಎರಡೂ ಕಡೆ ದಿಂಬು ಕೊಟ್ಟು ಅರ್ಧ ತೆರೆದು, ಮೊದಲು ಬಲಪುಟಗಳನ್ನೆಲ್ಲ, ಆಮೇಲೆ ಎಡಪುಟಗಳನ್ನೆಲ್ಲ ತೆಗೆಯಿರಿ. ಅದಕ್ಕೂ ಮುಂಚೆ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಅದೇ ಪುಸ್ತಕ ಇದೆಯೇ ನೋಡಿ. ಹೆಸರನ್ನು ಕನ್ನಡದಲ್ಲೂ ಹೊಡೆಯಿರಿ, ಇಂಗ್ಲಿಷ್ ಅಕ್ಷರದಲ್ಲೂ ಹೊಡೆಯಿರಿ. ‘ಆ’ ದೀರ್ಘ ಬಂದ ಕಡೆ ಇಂಗ್ಲಿಷಿನ ‘a’ ಅಕ್ಷರ ಎರಡು ಸಲ ಹಾಕಿಯೂ ಹುಡುಕಿ, ಹಳೆಯ ಸ್ಕ್ಯಾನುಗಳ ಹೆಸರು ಹಾಗೇ ದಾಖಲಾಗಿವೆ. ಸಿಕ್ಕರೂ ಅಚ್ಚಾದ ವರ್ಷ, ಪುಟಸಂಖ್ಯೆ ನಿಮ್ಮ ಪ್ರತಿಯ ಜೊತೆ ಹೋಲಿಸಿ. ಅಲ್ಲಿಯದರಲ್ಲಿ ಪುಟ ಬಿಟ್ಟುಹೋಗಿದ್ದರೆ, ಆ ಪುಟ ಇರುವುದು ನಿಮ್ಮ ಮನೆಯಲ್ಲೇ ಇರಬಹುದು.