ಖರ್ಜೂರದ ಮರದೊಳಗೆ ಮೊಬೈಲ್ ಟವರ್ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಮಗಳ ಮನೆಗೆ ಅಂತ ಅಮೆರಿಕಾದ ಅರಿಜೋನಾಗೆ ಹೋಗಿದ್ವಿ. ಅಲ್ಲಿ ರೋಡ್ ಪಕ್ಕ ದೊಡ್ಡ ಖರ್ಜೂರದ ಮರ ಇತ್ತು, ಹತ್ರ ಹೋಗಿ ನೋಡಿದ್ರೆ ಮೊಬೈಲ್ ಟವರ್! ಹೀಗೆ ಯಾಕೆ ವೇಷ ಹಾಕ್ತಾರೆ? ರೇಡಿಯೇಷನ್ ವಿಷಯ ಜನಕ್ಕೆ ಗೊತ್ತಾಗ್ಬಾರ್ದು ಅಂತಾನಾ?
— ಓದುಗರು, ಮೈಸೂರು

ಉತ್ತರ: ನಮಸ್ಕಾರ. ನಿಮ್ಮ ಅನುಮಾನ ಸಹಜವೇ, ಆದ್ರೆ ಮುಖ್ಯ ಕಾರಣ ಬೇರೆ. ಅಮೆರಿಕಾದಲ್ಲಿ 1996ರ ಟೆಲಿಕಾಂ ಕಾಯ್ದೆ ಪ್ರಕಾರ ಟವರ್‌ನ ರೇಡಿಯೇಷನ್ ಎಫ್‌ಸಿಸಿ (ಅಲ್ಲಿನ ಟೆಲಿಕಾಂ ನಿಯಂತ್ರಣ ಸಂಸ್ಥೆ) ಮಿತಿಯೊಳಗಿದ್ರೆ ಊರಿನ ಆಡಳಿತ ರೇಡಿಯೇಷನ್ ಕಾರಣ ಕೊಟ್ಟು ಬೇಡ ಅನ್ನೋ ಹಾಗಿಲ್ಲ, ಆದ್ರೆ ಎಲ್ಲಿ ನಿಲ್ಲಿಸ್ಬೇಕು, ನೋಡೋಕೆ ಹೇಗಿರ್ಬೇಕು ಅನ್ನೋದನ್ನ ಕೇಳ್ಬಹುದು, ಹಾಗಾಗಿ ಜಗಳವೆಲ್ಲ ಅಂದಚೆಂದದ ಮೇಲೇ ನಡೀತು, ವೇಷದ ಟವರ್ ಮಾಡೋ ಕಂಪನಿಗಳಿಗೂ ಕೆಲಸ ಹೆಚ್ಚಾಯ್ತು. ಶುರುವಾಗಿದ್ದು ಮಾತ್ರ ಅದಕ್ಕೂ ಮುಂಚೆ. ಝೂ, ಮ್ಯೂಸಿಯಂಗಳಿಗೆ ಕೃತಕ ಬಂಡೆ ಮಾಡ್ತಿದ್ದ ಅರಿಜೋನಾದ ಟೂಸಾನ್ ಊರಿನ ಲಾರ್ಸನ್ ಕಂಪನಿ 1992ರಲ್ಲಿ ಡೆನ್ವರ್‌ನಲ್ಲಿ ಪೈನ್ ಮರದ ಟವರ್ ನಿಲ್ಲಿಸ್ತು. ಈಗ ಕಳ್ಳಿ, ಧ್ವಜಸ್ತಂಭ, ಚರ್ಚ್ ಗೋಪುರ ಎಲ್ಲಾ ವೇಷದಲ್ಲೂ ಇದೆ.

ಒಳಗಿರೋದು ಅದೇ ಸ್ಟೀಲ್ ಕಂಬ. ತೊಗಟೆ ಫೈಬರ್ ಗ್ಲಾಸ್ ಥರದ್ದು, ಎಲೆ ಪ್ಲಾಸ್ಟಿಕ್, ಯಾಕಂದ್ರೆ ಸಿಗ್ನಲ್‌ಗೆ ಅದು ಅಡ್ಡ ಬರಲ್ಲ. ಪೈನ್ ಆದ್ರೆ ಆಂಟೆನಾಗೆ ಎಲೆ ಅಂಟಿಸಿದ ಕಾಲುಚೀಲದಂಥ ಕವರ್ ಹಾಕ್ತಾರೆ. ಬುಡದಲ್ಲಿ ಬೇಲಿ, ಪೆಟ್ಟಿಗೆ, ಕೇಬಲ್ ಕಂಡ್ರೆ ಗುಟ್ಟು ರಟ್ಟು.

ವೇಷ ಹಾಕಿದ್ರೆ ರೇಡಿಯೇಷನ್ ಹೆಚ್ಚೂ ಆಗಲ್ಲ ಕಮ್ಮಿನೂ ಆಗಲ್ಲ. ನನಗಂತೂ ಮರದ ವೇಷ ಅಷ್ಟು ಇಷ್ಟ ಇಲ್ಲ, ಸುತ್ತ ಅದೇ ಜಾತಿ, ಅದೇ ಎತ್ತರದ ಮರ ಇಲ್ದಿದ್ರೆ ಒಂಟಿಯಾಗಿ ಇನ್ನೂ ಎದ್ದು ಕಾಣುತ್ತೆ, ಬಿಸಿಲಿಗೆ ಬಣ್ಣ ಹೋಗುತ್ತೆ, ಲೇಕ್ ತಾಹೋ ಕಡೆ ಪ್ಲಾಸ್ಟಿಕ್ ಎಲೆ ಉದುರಿ ಕೆರೆ ಸೇರುತ್ತೆ ಅಂತ ಜನ ತಕರಾರೂ ಎತ್ತಿದ್ದಾರೆ. ಇರೋ ಗೋಪುರದೊಳಗೆ ಆಂಟೆನಾ ಇಟ್ರೆ ಒಳ್ಳೇದು. ಏನೇ ವೇಷ ಹಾಕ್ಲಿ, ಇದು ಟವರ್ ಅಂತ ಬುಡದಲ್ಲಿ ಬೋರ್ಡ್ ಹಾಕ್ಲೇಬೇಕು, ಪಕ್ಕದಲ್ಲಿ ಮನೆ ಮಾಡ್ಕೊಂಡಿರೋರಿಗೆ ಅದು ಗೊತ್ತಿರ್ಬೇಕಲ್ವಾ.

ನಮ್ಮಲ್ಲಿ 2012ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾತ್ರ ರೇಡಿಯೇಷನ್‌ಗೆ ಅವಕಾಶ. ನಿಮ್ಮ ಏರಿಯಾ ಟವರ್ ಬಗ್ಗೆ ಡೌಟ್ ಇದ್ರೆ ಕೇಂದ್ರ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಮ್ಯಾಪ್ ನೋಡಿ, ಫೀಸ್ ಕಟ್ಟಿದ್ರೆ ಬಂದು ಅಳೆದು ರಿಪೋರ್ಟ್ ಕೊಡ್ತಾರೆ.