"ನನ್ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳ್ತಿದ್ದ ಗಂಡ

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದ ಗಂಡ ಹೆಂಡ್ತಿ ಕಥೆ ಇದು, ಗುರುತು ಸಿಗಬಾರ್ದು ಅಂತ ವಿವರ ಬದಲಾಯಿಸಿದೀನಿ. ಇಬ್ರೂ ಕೆಲ್ಸಕ್ಕೆ ಹೋಗೋರು, ಒಂದು ಮಗು. ಗಂಡ ಆನ್‌ಲೈನ್ ರಮ್ಮಿಲಿ ದುಡ್ಡು ಕಳ್ಕೊಂಡು, ಲೋನ್ ಆ್ಯಪ್‌ಗಳಲ್ಲಿ ಸಾಲ ಮಾಡಿ, ಅದನ್ನ ತೀರ್ಸೋಕೆ ಹೆಂಡ್ತಿ ತವರಿಂದ ತಂದಿದ್ದ ಸರ ಬಳೆ ಹೇಳ್ದೆ ಕೇಳ್ದೆ ಅಡ ಇಟ್ಟಿದ್ರು. 2025ರ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸೋ ಕಾನೂನು ಬಂತು, ಇವರ ಆಟ ನಿಂತಿತು, ಆದ್ರೆ ಸಾಲ ಹಾಗೇ ಉಳೀತು.

"ದುಡ್ಡು ಹೋದ್ರೆ ಹೋಗ್ಲಿ ಮೇಡಂ, ಬೀರು ಕೀ ಎಲ್ಲಿಡ್ತೀನಿ ಅಂತ ನಾನೇ ಇವ್ರಿಗೆ ತೋರ್ಸಿದ್ದೆ" ಅಂದ್ರು ಆಕೆ. ಗಂಡಂದು ಒಂದೇ ಮಾತು, ಎಲ್ಲಾ ಬಿಟ್ಟಿದೀನಿ, ಆದ್ರೂ ದಿನಾ ಫೋನ್ ಚೆಕ್ ಮಾಡ್ತಾಳೆ, ನಂಬಿಕೆನೇ ಇಲ್ವಾ?

ಸದ್ಯಕ್ಕೆ ಆ ಪ್ರಶ್ನೆ ಕೇಳ್ಬೇಡಿ ಅಂದೆ. ಆಕೆ ಮಗುನ ಇವ್ರ ಕೈಲಿ ಬಿಟ್ಟು ನೈಟ್ ಶಿಫ್ಟ್‌ಗೆ ಹೋಗ್ತಾರೆ, ತಾಯಿನ ಆಸ್ಪತ್ರೆಗೆ ಇವ್ರೇ ಕರ್ಕೊಂಡು ಹೋಗ್ಲಿ ಅಂತಾರೆ, ಆ ನಂಬಿಕೆ ಎಲ್ಲೂ ಹೋಗಿಲ್ಲ. ದುಡ್ಡಿನ ವಿಷ್ಯದಲ್ಲಿ ಮಾತ್ರ ಹೋಗಿದೆ, ಅಷ್ಟನ್ನ ಬಾಯ್ಬಿಟ್ಟು ಹೇಳೋಕೆ ಆಕೆಗೆ ಹಕ್ಕಿದೆ. ಗಂಡನ್ನ ನಂಬ್ಬೇಕಮ್ಮ ಅಂತ ಅತ್ತೆ ದಿನಾ ಹೇಳ್ತಿದ್ರಂತೆ, ಇಂಥಾ ಒತ್ತಾಯ ತುಂಬಾ ಮನೆಗಳಲ್ಲಿ ನೋಡ್ತೀನಿ, ನೊಂದೋರನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತೆ ಅದು.

ಕೊಟ್ಟ ಸಲಹೆ ಇಷ್ಟು. ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ಲೆಕ್ಕ ಇಡೋ ಸಿಬಿಲ್ ಥರದ ಕಂಪನಿಗಳು ವರ್ಷಕ್ಕೊಂದ್ಸಲ ಕ್ರೆಡಿಟ್ ರಿಪೋರ್ಟ್ ಫ್ರೀಯಾಗಿ ಕೊಡಲೇಬೇಕು, ಅದನ್ನ ತೆಗ್ದು ಇಬ್ರೂ ಒಟ್ಟಿಗೆ ನೋಡಿ, ಕೈಸಾಲ ಅದ್ರಲ್ಲಿ ಬರಲ್ಲ, ಅದನ್ನ ಗಂಡನೇ ಪಟ್ಟಿ ಮಾಡಿ ಬರೀಬೇಕು. ಸಂಬಳ ಬಂದ ದಿನ ಅಕೌಂಟ್ ಸ್ಟೇಟ್‌ಮೆಂಟ್ ಗಂಡ ತಾವಾಗೇ ತೋರಿಸ್ಬೇಕು, ಆಗ ಫೋನ್ ಕೆದಕೋದು ನಿಲ್ಲಿಸೋಕೆ ಆಕೆಗೂ ಧೈರ್ಯ ಬರುತ್ತೆ. ಅಡದ ರಸೀದಿ ಆಕೆ ಹತ್ರ ಇರ್ಲಿ. ತವರಿಂದ ತಂದ ಒಡವೆ ಥರದ ಸ್ತ್ರೀಧನ ಹೆಂಡ್ತಿದು, ಕಷ್ಟಕ್ಕೆ ಬಳಸಿದ್ರೂ ವಾಪಸ್ ಕೊಡೋ ಹೊಣೆ ಗಂಡಂದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಯಾವ ಹೊಸ ಸಾಲಕ್ಕೂ ಆಕೆ ಜಾಮೀನು ಹಾಕ್ಬಾರ್ದು. ಆಡ್ಬೇಕು ಅನ್ನೋ ತುಡಿತ ಬಂದ್ರೆ ನಾಚಿಕೆ ಪಟ್ಕೊಂಡು ಕೂರ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡ್ಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಕ್ಕೇ ಅಂತ ಶಟ್ ಕ್ಲಿನಿಕ್ ಇದೆ.

ಮುಂದಿನ ಸೆಷನ್‌ಗೆ ಗಂಡ ಸಾಲದ ಪಟ್ಟಿ ತಂದ್ರು, ಕೊನೇಲಿ ಭಾವನ ಹತ್ರ ಇಸ್ಕೊಂಡಿದ್ದ ಕೈಸಾಲನೂ ಇತ್ತು, ಆಕೆಗೆ ಗೊತ್ತೇ ಇರ್ಲಿಲ್ಲ. ಸಿಟ್ಟು ಬಂತು, ಬರ್ಲಿ. ಆದ್ರೆ ಈ ಸಲ ಸಿಕ್ಕಿಬೀಳೋಕ್ಮುಂಚೆ ತಾವಾಗೇ ಹೇಳಿದ್ರಲ್ಲ, ಅದನ್ನ ಆಕೆ ಗಮನಕ್ಕೆ ತಂದೆ. ಭಾವಂಗೆ ಯಾವಾಗ ಎಷ್ಟು ಕೊಡ್ತೀರಾ ಅಂತ ತಾರೀಖು ಸಮೇತ ಬರ್ಕೊಂಡು ಬನ್ನಿ ಅಂತ ಹೇಳಿ ಕಳ್ಸಿದೀನಿ.