ಸರಪಳಿಯಲ್ಲಿ ಬಿಟ್ಟುಹೋದ ನಾಯಿಯನ್ನು ಮನೆಗೆ ತರುವ ಮುನ್ನ

ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವರು ತಿಂಗಳ ಹಿಂದೆ ಹರಿಹರಕ್ಕೆ ಹೋದರು. ಸಾಕಿದ್ದ ನಾಯಿಯನ್ನು ಕಾಂಪೌಂಡಿನಲ್ಲೇ ಸರಪಳಿಯಿಂದ ಕಟ್ಟಿಹೋಗಿದ್ದು, ಎರಡು ಮೂರು ದಿನಕ್ಕೊಮ್ಮೆ ಬಂದು ಅನ್ನ ಹಾಕುತ್ತಾರೆ. ಅದರ ಪಕ್ಕೆಲುಬು ಎಣಿಸಬಹುದು. ಬೆನ್ನಿನ ಕೂದಲು ಉದುರಿ ಕಜ್ಜಿಯಾಗಿದೆ. ಕೇಳಿದರೆ "ಬೇಕಿದ್ರೆ ನೀವೇ ಇಟ್ಕೊಳ್ಳಿ" ಎನ್ನುತ್ತಾರೆ. ನನಗೆ ಆರು ವರ್ಷದ ಮಗಳಿದ್ದಾಳೆ. ನಾಯಿಯನ್ನು ತಂದುಕೊಳ್ಳಬಹುದೇ? ಕಜ್ಜಿಗೆ ಗಾಡಿಯ ಸುಟ್ಟ ಆಯಿಲ್ ಹಚ್ಚಬೇಕೆನ್ನುವುದು ಸರಿಯೇ?
– ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಖಂಡಿತ ತಂದುಕೊಳ್ಳಿ. ಆದರೆ ಸರಪಳಿ ಬಿಚ್ಚುವ ಮೊದಲು ಒಂದು ಕಾಗದ ಬರೆಸಿಕೊಳ್ಳಿ. ಕಾನೂನಿನ ಕಣ್ಣಿಗೆ ಸಾಕುನಾಯಿ ಮಾಲೀಕರ ಸ್ವತ್ತಾಗಿರುವುದರಿಂದ, ಬಾಯಿಮಾತನ್ನು ನಂಬಿ ಕರೆತಂದರೆ, ನಾಯಿ ಮೈತುಂಬಿಕೊಂಡ ಮೇಲೆ ಅವರು ಅದನ್ನು ಮರಳಿ ಕೇಳುವ ಸಾಧ್ಯತೆ ಇದ್ದೇ ಇದೆ. "ಈ ನಾಯಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ" ಎಂಬ ಎರಡು ಸಾಲು, ದಿನಾಂಕ ಮತ್ತು ಸಹಿ ಸಾಕು. ಅದೇ ದಿನ ನಾಯಿಯ ಹೆಸರು, ವಯಸ್ಸು, ಹಿಂದೆ ಹಾಕಿಸಿದ ಲಸಿಕೆಯ ವಿವರಗಳನ್ನೂ ಕೇಳಿಟ್ಟುಕೊಳ್ಳಿ. ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದೂ, ಪ್ರಾಣಿಯನ್ನು ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೇ ಆದರೂ, ಮೊದಲ ತಪ್ಪಿಗೆ ಆ ಸೆಕ್ಷನ್ ವಿಧಿಸಿದ ದಂಡ 10ರಿಂದ 50 ರೂಪಾಯಿ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಮಾಲೀಕರೇ ಬಿಟ್ಟುಕೊಡಲು ಸಿದ್ಧರಿರುವಾಗ, ದೂರಿನ ದಾರಿಗಿಂತ ಸಹಿಯ ದಾರಿಯೇ ಆ ನಾಯಿಗೆ ಬೇಗ ಒದಗುತ್ತದೆ.

ಮುಂದಿನದು ಊಟದ ವಿಷಯ. ಬಡಕಲಾದ ಪ್ರಾಣಿಯನ್ನು ಕಂಡರೆ ತಟ್ಟೆ ತುಂಬ ಬಡಿಸಬೇಕೆನ್ನಿಸುವುದು ಸಹಜ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಒಂದು ಉಪವಾಸದ ನಾಯಿಗೆ ಹೊಟ್ಟೆ ತುಂಬ ಅನ್ನ ಹಾಕಲು ಹೇಳಿದ್ದೆ. ಮೂರನೆಯ ದಿನ ಅದು ಏಳಲಾರದೆ ಮಲಗಿತು, ಉಳಿಯಲಿಲ್ಲ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಅನ್ನದಂಥ ಪಿಷ್ಟದ ಆಹಾರ ಬಿದ್ದರೆ ಇನ್ಸುಲಿನ್ ಏರುತ್ತದೆ, ಅದರೊಂದಿಗೆ ರಕ್ತದಲ್ಲಿನ ರಂಜಕ ಮತ್ತು ಪೊಟ್ಯಾಸಿಯಂ ಜೀವಕೋಶಗಳೊಳಗೆ ಸೇರಿ ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ಸ್ನಾಯು ಮತ್ತು ಹೃದಯ ಸೋಲುತ್ತವೆ. ಹತ್ತು ಕಿಲೋ ತೂಕದ ನಾಯಿಗೆ ವಿಶ್ರಾಂತಿಯಲ್ಲಿದ್ದಾಗಲೂ ದಿನಕ್ಕೆ ಸುಮಾರು 400 ಕ್ಯಾಲರಿ ಬೇಕು. ಮೊದಲ ದಿನ ಅದರ ಕಾಲುಭಾಗ ಮಾತ್ರ ಕೊಡಿ. ಅಂದರೆ ಒಂದು ಬೇಯಿಸಿದ ಮೊಟ್ಟೆ, ಒಂದಿಷ್ಟು ಉಪ್ಪು ಮಸಾಲೆಯಿಲ್ಲದ ಕೋಳಿಮಾಂಸ. ಅದನ್ನೂ ನಾಲ್ಕೈದು ಸಲ ಹಂಚಿ ಹಾಕಿ, ನಾಲ್ಕೈದು ದಿನಗಳಲ್ಲಿ ಮೆಲ್ಲಗೆ ಪೂರ್ಣ ಪ್ರಮಾಣಕ್ಕೆ ಏರಿಸಿ. ನೀರು ಯಾವಾಗಲೂ ಇರಲಿ. ನಮ್ಮೂರಿನಲ್ಲಿ ಮಂಡಕ್ಕಿ ಮಿರ್ಚಿ, ದೋಸೆಯ ಪಲ್ಯ ಉಳಿದರೆ ಪ್ರೀತಿಯಿಂದಲೇ ನಾಯಿಗೆ ಹಾಕುತ್ತಾರೆ. ಅವುಗಳಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ತಿಳಿಸಿ.

ರಕ್ತದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕಿವಿಯೊಳಗೆ, ಕಾಲ್ಬೆರಳುಗಳ ಸಂದಿಯಲ್ಲಿ ಉಣ್ಣೆಗಳಿವೆಯೇ ನೋಡಿ. ತುಟಿ ಎತ್ತಿದಾಗ ಒಸಡು ಗುಲಾಬಿಯಾಗಿರದೆ ಬಿಳಿಚಿಕೊಂಡಿದ್ದರೆ ಉಣ್ಣೆಯಿಂದ ಬರುವ ಜ್ವರದ ಶಂಕೆಯಿರುತ್ತದೆ. ಅಂದೇ ಪಶು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿ. ಈ ಜ್ವರಗಳಲ್ಲಿ ಒಂದಕ್ಕೆ ಸುಮಾರು ನಾಲ್ಕು ವಾರ ಮಾತ್ರೆ ಕೊಡಬೇಕಾಗುತ್ತದೆ, ವಾರದಲ್ಲೇ ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು.

ಸುಟ್ಟ ಆಯಿಲ್ ಹಚ್ಚಲೇಬೇಡಿ. ನಾಯಿ ಮೈ ನೆಕ್ಕುವುದರಿಂದ ಅದರ ವಿಷ ಹೊಟ್ಟೆಗಿಳಿಯುತ್ತದೆ, ಮೊದಲೇ ಕೆಂಪೇರಿದ ಚರ್ಮ ಇನ್ನಷ್ಟು ಬೇಯುತ್ತದೆ. ಸೀಮೆಎಣ್ಣೆಯೂ ಹಾಗೆಯೇ. ಕಜ್ಜಿಯಲ್ಲಿ ಎರಡು ಬಗೆಯ ನುಸಿಗಳು ಮುಖ್ಯ: ಒಂದು ಮನುಷ್ಯರಿಗೆ ಅಂಟುವುದಿಲ್ಲ, ಇನ್ನೊಂದು ತುರಿಕೆಯಾಗಿ ನಮಗೂ ಹರಡಬಲ್ಲದು. ವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವುದೆಂದು ಹೇಳುವವರೆಗೆ ಮಗಳು ನಾಯಿಯನ್ನು ಮುಟ್ಟದಿರಲಿ.

ಹುಚ್ಚುನಾಯಿ ರೋಗದ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂದು ಅದೇ ಭೇಟಿಯಲ್ಲಿ ಕೇಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ತೂಕ ಕೂಡಿದ ಮೇಲೆ ಆಗಲಿ.

ಮಗುವಿನ ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ಹಸಿದು ಬೆಳೆದ ನಾಯಿಗೆ ತಟ್ಟೆಯ ಬಳಿ ಬಂದವರೆಲ್ಲ ಕಸಿಯುವವರಂತೆ ಕಾಣಬಹುದು, ಆದ್ದರಿಂದ ಅದು ತಿನ್ನುವಾಗ ಮತ್ತು ಮಲಗಿದಾಗ ಮಗಳು ಹತ್ತಿರ ಹೋಗಕೂಡದು, ಉಳಿದ ವೇಳೆಯಲ್ಲೂ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಹಲ್ಲು ತಾಗಿದರೆ, ಗೀರಾದರೂ ಸರಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ. ಮೊದಲ ಕೆಲವು ದಿನ ಆ ನಾಯಿ ಮೂಲೆ ಬಿಟ್ಟು ಏಳದೆ ಇರಬಹುದು, ಬಾಲವನ್ನೂ ಆಡಿಸದಿರಬಹುದು. ಎತ್ತಿ ಮುದ್ದಿಸಲು ಹೋಗಬೇಡಿ. ನಿಮ್ಮ ಮಗಳು ಬಾಗಿಲ ಬಳಿ ಕುಳಿತು, ಅದಕ್ಕೆ ಗೊತ್ತಿರುವ ಹಳೆಯ ಹೆಸರಿನಿಂದಲೇ ದಿನಕ್ಕೆ ನಾಲ್ಕಾರು ಸಲ ಕರೆಯಲಿ, ಅದಾಗಿಯೇ ಎದ್ದು ಬರುವವರೆಗೆ ಕಾಯಲಿ.